ಟ್ಯಾಂಕಿನ ತಳದಲ್ಲಿ ಇಟ್ಟದ್ದು

ಮೂರನೇ ಸಲವೂ ಟ್ಯಾಂಕು ಅದೇ ಜಾಗದಲ್ಲಿ ಸೋರಿತು. ತಳದಿಂದ ದ್ರಾವಣ ಹೊರಬರುವ ಕೊಳವೆಯ ಬುಡದಲ್ಲಿ, ಎರಡು ಸಲ ನಾವೇ ನಿಂತು ರಿಪೇರಿ ಮಾಡಿಸಿದ್ದ ಜಾಗದ ಪಕ್ಕದಲ್ಲಿ. ರಾತ್ರಿ ಪಾಳಿ ಮುಗಿಸಿದ ಕೆಮಿಸ್ಟ್ ಮನೆಗೆ ಹೋಗದೆ ಶೆಡ್ಡಿನ ಬಾಗಿಲಲ್ಲಿ ನನಗಾಗಿ ಕಾಯುತ್ತಿದ್ದಳು. ಅವಳದೂ ನನ್ನದೂ ಮನೆಮಾತು ಒಂದೇ. ಕೆಲಸದ ಜಾಗದಲ್ಲಿ ಇಬ್ಬರೂ ಶಾಲೆಯ ಕನ್ನಡ ಆಡುತ್ತೇವೆ. ಏನಾದರೂ ಕೆಟ್ಟಾಗ ಮಾತ್ರ ಮನೆಮಾತು ಹೊರಬರುತ್ತದೆ, 'ಇದೆ' ಎನ್ನುವುದು 'ಇದ್ದು' ಆಗುತ್ತದೆ.

"ಮತ್ತೆ ಸೋರ್ತಾ ಇದ್ದು ಸರ್. ಗ್ಯಾಸ್ಕೆಟ್ ಅಂತೂ ಅಲ್ಲ. ನಾ ಒರೆಸಿ ನೋಡಿ ಆತು."

ಬಗ್ಗಿ ನೋಡಿದೆ. ಕಂದು ಬಣ್ಣದ ಹನಿ ಕೊಳವೆಯ ಬುಡದಲ್ಲಿ ದಪ್ಪವಾಗಿ, ಬೀಳಲೋ ಬೇಡವೋ ಎಂಬಂತೆ ತೂಗುತ್ತಿತ್ತು. ಕೆಳಗೆ ಬಿದ್ದದ್ದು ತಣಿದು ಬಿಳಿ ಹಿಟ್ಟಾಗಿತ್ತು. ಅದಕ್ಕೂ ಹಿಂದೆ ಬಿದ್ದದ್ದು ಗಾಳಿಗೆ ಹಸಿರು ತಿರುಗಿತ್ತು. ನೆಲದ ಮೇಲಿನ ಬಣ್ಣ ನೋಡಿಯೇ ಎಷ್ಟು ಹೊತ್ತಿನಿಂದ ಸೋರುತ್ತಿದೆ ಎಂದು ಅಂದಾಜು ಮಾಡಬಹುದಾಗಿತ್ತು. ನಡುರಾತ್ರಿಯಿಂದ ಇರಬೇಕು.

ನಮ್ಮ ಕೆಲಸ ಇಷ್ಟು. ಘಟ್ಟದ ಮೇಲಿನ ಗಣಿಯೊಂದರಿಂದ ತಾಮ್ರದ ಸಲ್ಫೈಡ್ ಅದಿರಿನ ಸಾಂದ್ರ ಪುಡಿ ಚೀಲಗಳಲ್ಲಿ ಬರುತ್ತಿತ್ತು. ಕಪ್ಪು ಹಸಿರಿನ, ಕೈಗೆ ಗ್ರೀಸಿನಂತೆ ಅಂಟುವ ಪುಡಿ. ಸಾಮಾನ್ಯವಾಗಿ ಇದನ್ನು ಕುಲುಮೆಗೆ ಹಾಕುತ್ತಾರೆ. ಗಂಧಕ ಉರಿದು ಹೊಗೆಯಾಗುತ್ತದೆ. ನಾವು ಪರೀಕ್ಷಿಸುತ್ತಿದ್ದದ್ದು ಕುಲುಮೆಯಿಲ್ಲದ ದಾರಿ. ದಪ್ಪ ಉಪ್ಪುನೀರನ್ನು ಕುದಿಬಿಂದುವಿಗಿಂತ ಸ್ವಲ್ಪ ಕೆಳಗಿನ ಬಿಸಿಯಲ್ಲಿ ಇಟ್ಟು, ಅದರಲ್ಲಿ ಪುಡಿಯನ್ನು ಕಲಕುತ್ತ, ಕ್ಲೋರಿನ್ ಅನಿಲ ಬಿಡುವುದು. ತಾಮ್ರ ಕ್ಲೋರೈಡಾಗಿ ನೀರಿಗಿಳಿಯುತ್ತದೆ. ಗಂಧಕ ಉರಿಯದೆ ಕೆಸರಿನಲ್ಲೇ ಉಳಿಯುತ್ತದೆ. ಕಬ್ಬಿಣವನ್ನು ಸುಣ್ಣ ಹಾಕಿ ಬೇರ್ಪಡಿಸಿ, ಉಳಿದ ದ್ರಾವಣಕ್ಕೆ ವಿದ್ಯುತ್ ಕೊಟ್ಟರೆ ತಾಮ್ರ ಪುಡಿಯಾಗಿ ಕೂರುತ್ತದೆ. ಅಲ್ಲಿ ಬಿಡುಗಡೆಯಾಗುವ ಕ್ಲೋರಿನ್ ಮತ್ತೆ ಮೊದಲ ಟ್ಯಾಂಕಿಗೆ ಹೋಗುತ್ತದೆ.

ಇಂಥ ಬಿಸಿ ದ್ರಾವಣ ಕಬ್ಬಿಣ, ಸ್ಟೀಲು, ಹಿತ್ತಾಳೆ ಯಾವುದನ್ನೂ ಉಳಿಸುವುದಿಲ್ಲ. ಟೈಟಾನಿಯಂ ತಡೆಯುತ್ತದೆ, ಆದರೆ ಅದರ ಟ್ಯಾಂಕು ಮಾಡಿಸುವ ಶಕ್ತಿ ನಮ್ಮ ಕಂಪನಿಗೆ ಇರಲಿಲ್ಲ. ಹಾಗಾಗಿ ಫೈಬರ್ ಟ್ಯಾಂಕು. ಕುಮಟಾ ಮತ್ತು ಹೊನ್ನಾವರದ ನಡುವೆ, ಹೆದ್ದಾರಿಯ ಪಕ್ಕದ ಹಳೆಯ ಹಂಚಿನ ಕಾರ್ಖಾನೆಯ ಶೆಡ್ಡು ನಮಗೆ ಬಾಡಿಗೆಗೆ ಸಿಕ್ಕಿತ್ತು. ಉಪ್ಪು ಹತ್ತಿರದ ಆಗರದ್ದು. ಟ್ಯಾಂಕು ಕಟ್ಟಿದವರು ಭಟ್ಕಳ ಬಂದರಿನ ದೋಣಿ ಮೇಸ್ತ್ರಿ. ಅವರ ತಂದೆ ಹಲಗೆಯ ದೋಣಿ ಕಟ್ಟುತ್ತಿದ್ದರು, ಇವರು ಫೈಬರ್ ದೋಣಿ ಕಟ್ಟುತ್ತಾರೆ. ಗಾಜಿನ ನಾರಿನ ಹಾಳೆಯನ್ನು ರೆಸಿನ್ ಅಂಟಿನಲ್ಲಿ ತೋಯಿಸಿ, ಗಾಳಿಗುಳ್ಳೆ ಉಳಿಯದಂತೆ ರೋಲರಿನಿಂದ ಒತ್ತುವ ಅವರ ಕೈ ನೋಡಿಯೇ ನಾನು ಕೆಲಸ ಒಪ್ಪಿಸಿದ್ದೆ. ಕ್ಲೋರಿನ್ ತಡೆಯುವ ಬೇರೆ ರೆಸಿನ್ ನಾನೇ ತರಿಸಿಕೊಟ್ಟಿದ್ದೆ. ಬೋಲ್ಟ್, ಮೊಳೆ, ಕ್ಲಾಂಪ್ ಯಾವುದೂ ಕೂಡದು ಎಂದು ಬರೆದೂ ಕೊಟ್ಟಿದ್ದೆ.

ಮುಖ್ಯ ಕಚೇರಿಯ ಮಾತು ಸ್ಪಷ್ಟವಾಗಿತ್ತು. ಮಳೆಗಾಲ ಹಿಡಿಯುವ ಮೊದಲು, ಎಲ್ಲಿಯೂ ನಿಲ್ಲಿಸದೆ ಹತ್ತು ದಿನ ಟ್ಯಾಂಕು ಓಡಬೇಕು. ಕೊನೆಯ ದಿನಗಳಲ್ಲಿ ಗಣಿಯವರು ಬಂದು ನೋಡುತ್ತಾರೆ. ಓಡದಿದ್ದರೆ ಪ್ರಯೋಗವೇ ಬಂದ್. ನಡುವೆ ನಿಲ್ಲಿಸುವುದೆಂದರೆ ಇಲ್ಲಿ ಸ್ವಿಚ್ ಆರಿಸಿದಷ್ಟು ಸುಲಭವಲ್ಲ. ಬಿಸಿ ಇಳಿದ ಕೂಡಲೇ ಉಪ್ಪು ಹರಳುಗಟ್ಟಿ ಕೊಳವೆ, ಪಂಪು, ಸೋಸುವ ಬಟ್ಟೆ ಎಲ್ಲ ಕಟ್ಟಿಕೊಳ್ಳುತ್ತದೆ. ಬಿಸಿನೀರು ಬಿಟ್ಟು, ಪ್ಲಾಸ್ಟಿಕ್ ಕೋಲಿನಿಂದ ಕುಟ್ಟಿ ಬಿಡಿಸುವಷ್ಟರಲ್ಲಿ ಎರಡು ದಿನ ಕಳೆಯುತ್ತಿತ್ತು. ಒಂದೊಂದು ಸೋರಿಕೆಗೂ ನಾವು ಮೊದಲಿನಿಂದ ಎಣಿಸಬೇಕಾಗಿತ್ತು.

ಮೊದಲ ಸಲ ತಪ್ಪು ಕೊಳವೆಯ ಜೋಡಣೆಯಲ್ಲಿ ಕೂರುವ ಗ್ಯಾಸ್ಕೆಟ್ಟಿನದು ಎಂದುಕೊಂಡೆ. ಬದಲಾಯಿಸಿದೆವು. ಎರಡನೇ ಸಲ ಆಗರದ ಉಪ್ಪಿನ ಮೇಲೆ ಅನುಮಾನ ಬಂತು. ಅದರಲ್ಲಿ ಮರಳು ಇರುತ್ತದೆ, ಅದು ಕೊಳವೆಯ ಬುಡ ಉಜ್ಜಿರಬಹುದು. ಉಪ್ಪನ್ನು ಕರಗಿಸಿ ಸೋಸಿ ಬಳಸತೊಡಗಿದೆವು. ಬುಡಕ್ಕೆ ಹೊರಗಿನಿಂದ ಹೊಸ ಪದರ ಕೊಡಿಸಿದೆವು. ಮೂರನೇ ಸಲ ಹನಿ ಆ ಪದರವನ್ನೂ ಬಳಸಿ ಬಂದಿತ್ತು.

ಕಚೇರಿಗೆ ಫೋನ್ ಮಾಡಿದೆ. ಅಲ್ಲಿದ್ದ ಅಧಿಕಾರಿ ಸಮಾಧಾನದಿಂದಲೇ ಹೇಳಿದರು:

"ಇನ್ನೊಂದು ತೇಪೆ ಹಾಕಿಸಿ ಓಡಿಸಿ. ಕೆಳಗೊಂದು ಬಕೆಟ್ ಇಡಿ. ಗಣಿಯವರು ಬಗ್ಗಿ ನೋಡುವುದಿಲ್ಲ."

"ಬಗ್ಗಿ ನೋಡದಿದ್ದರೂ ಅದು ಸೋರುತ್ತದೆ. ಒಳಗಿನಿಂದ ಎಲ್ಲಿ ಶುರುವಾಗುತ್ತಿದೆ ಎಂದು ಗೊತ್ತಾಗದೆ ನಾನು ಓಡಿಸುವುದಿಲ್ಲ. ತಳ ಕೊಯ್ದು ನೋಡುತ್ತೇನೆ."

"ಕೊಯ್ದ ಮೇಲೆ ಮತ್ತೆ ಸೇರಿಸಲು ಆಗದಿದ್ದರೆ?"

"ಆಗದಿದ್ದರೆ ಇಲ್ಲಿಗೇ ಮುಗಿಯಿತು."

ಅವರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಫೋನ್ ಇಟ್ಟರು. ನಿರ್ಧಾರ ನನ್ನದೆಂದು ಬರೆದುಕೊಂಡೆ.

ದ್ರಾವಣವನ್ನು ಬೇರೆ ಟ್ಯಾಂಕಿಗೆ ಸಾಗಿಸಿ, ಒಳಗೆ ತೊಳೆದು, ಫ್ಯಾನಿನಿಂದ ಗಾಳಿ ಹಾಯಿಸಿದೆವು. ಕ್ಲೋರಿನ್ ಮೀಟರು ಸೊನ್ನೆ ತೋರಿಸಿದರೂ ಕೆಮಿಸ್ಟ್ ಅಮೋನಿಯಾದಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಕಟ್ಟಿ ಒಳಗೆ ಇಳಿಬಿಟ್ಟಳು. ಕ್ಲೋರಿನ್ ಉಳಿದಿದ್ದರೆ ಬಿಳಿ ಹೊಗೆ ಏಳುತ್ತದೆ. ಏಳಲಿಲ್ಲ. ಆಮೇಲೆ ಮೇಸ್ತ್ರಿ ಏಣಿಯಿಂದ ಇಳಿದರು, ಹಿಂದೆ ನಾವಿಬ್ಬರೂ.

ತಳ ಕೊಯ್ಯುವ ಮಾತು ಅವರಿಗೆ ಮೊದಲಿಂದಲೂ ಹಿಡಿಸಿರಲಿಲ್ಲ. ಮೊದಲು ತಟ್ಟಿ ನೋಡುತ್ತೇನೆ ಎಂದರು. ಸಣ್ಣ ಮರದ ಕೊಡತಿಯಿಂದ ಕೊಳವೆಯ ಬುಡದಿಂದ ತಟ್ಟುತ್ತ ಬಂದರು. ಗಟ್ಟಿ ಜಾಗದ ಸದ್ದು ಚಿಕ್ಕದು, ಪದರ ಬಿಟ್ಟುಕೊಂಡ ಜಾಗದ್ದು ಪೊಳ್ಳು. ಪೊಳ್ಳು ಸದ್ದು ಬುಡದಲ್ಲಿ ನಿಲ್ಲದೆ ತಳದ ನಡುವಿನವರೆಗೂ ಒಂದು ದಾರಿಯಂತೆ ಹೋಯಿತು. ನಡುವಿಗೆ ಬಂದಾಗ ಮೇಸ್ತ್ರಿ ಕೊಡತಿ ಕೆಳಗಿಟ್ಟರು.

"ಕೊಯ್ಯುವಾ ಸರಾ," ಎಂದರು ಕೊನೆಗೆ.

ನಡುವಿನ ತುಂಡು ಎದ್ದು ಬಂತು. ಒಳಮೈಯ ತೆಳು ಪದರದ ಕೆಳಗೆ ದುಂಡನೆಯ ಗುಳಿ, ಅಂಚು ಅಚ್ಚಿನಲ್ಲಿ ತೆಗೆದಷ್ಟು ನೇರ. ಗುಳಿಯ ಸರೀ ನಡುವೆ ರೆಸಿನ್ನಿನ ಸಣ್ಣ ಮೊಳಕೆಯೊಂದು ನಿಂತಿತ್ತು. ಸುತ್ತ ಹಸಿರು ಲೋಳೆ. ಇಲ್ಲಿಂದ ದ್ರಾವಣ ಎರಡು ಪದರಗಳ ನಡುವೆ ಹರಿದು ಕೊಳವೆಯ ಬುಡದಲ್ಲಿ ಹೊರಬರುತ್ತಿತ್ತು. ನಾವು ಬಾಗಿಲಿಗೆ ತೇಪೆ ಹಾಕುತ್ತಿದ್ದೆವು, ಕನ್ನ ಬಿದ್ದದ್ದು ದೇವರ ಕೋಣೆಯಲ್ಲಿ.

"ಇಲ್ಲಿ ವಾಷರ್ ಬಿದ್ದಿತ್ತಾ?" ಎಂದು ಕೇಳಿದೆ.

"ವಾಷರ್ ಅಲ್ಲ ಸರಾ. ಕಾಸು."

"ಯಾವ ಕಾಸು?"

"ತೂತಿನ ಕಾಸು. ಹಳೇದು, ತಾಮ್ರದ್ದು. ಅಪ್ಪ ಒಂದು ಡಬ್ಬಿ ತುಂಬ ಇಟ್ಟು ಹೋಗಿದ್ರು. ತಳ ಮುಚ್ಚೂ ಮೊದ್ಲು ಒಂದು ಇಡೂದು. ಹಲಗೆ ದೋಣಿಗೂ ಇಟ್ಟಿದ್ದು, ಫೈಬರ್‌ಗೂ ಇಡೂದು. ನಾವು ಕಟ್ಟಿದ್ದು ಒಂದೂ ಇಲ್ಲೀವರೆಗೆ ಸೋರಲಿಲ್ಲ."

"ಲೋಹ ಕೂಡದು ಅಂತ ಬರೆದುಕೊಟ್ಟಿದ್ದೆನಲ್ಲ ಮೇಸ್ತ್ರಿ."

"ಬೋಲ್ಟ್ ಬೇಡ, ಮೊಳೆ ಬೇಡ, ಕ್ಲಾಂಪ್ ಬೇಡ ಹೇಳಿ ಬರ್ದಿದ್ರಿ. ಒಂದೂ ಹಾಕಲಿಲ್ಲ. ಕಾಸು ಬೇಡ ಹೇಳಿ ಎಲ್ಲಿತ್ತು?"

ಕೆಮಿಸ್ಟ್ ಏಣಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ನನಗೆ ನಗು ಬರಲಿಲ್ಲ. ಅದಿರಿನ ಪುಡಿಯಿಂದ ತಾಮ್ರ ಬಿಡಿಸಲು ನಾವು ಒದ್ದಾಡುತ್ತಿದ್ದೆವು. ಕರಗುತ್ತ ಕರಗುತ್ತ ಕಣದ ಮೇಲೆ ಗಂಧಕದ ಪೊರೆ ಕಟ್ಟಿ, ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಬಿಸಿ ಏರಿಸಬೇಕು, ಕ್ಲೋರಿನ್ ಹೆಚ್ಚಿಸಬೇಕು, ಕಾಯಬೇಕು. ಕಾಸಿಗೆ ಅಂಥ ಹಟವೇನೂ ಇಲ್ಲ. ಮೇಲಿನ ಪದರದಲ್ಲಿ ಒಂದು ಸೂಜಿಮೊನೆಯ ತೂತು ಸಿಕ್ಕಿದ್ದೇ ಸಾಕಾಗಿತ್ತು. ಆ ಶೆಡ್ಡಿನಲ್ಲಿ ನಾವು ಅತಿ ಸುಲಭವಾಗಿ ಕರಗಿಸಿದ ತಾಮ್ರ ಅದೇ.

ಸಂಜೆ ಹೊಸ ತಳದ ಮಾತು ಬಂತು. ಕೊಯ್ದ ಜಾಗವನ್ನು ಇಳಿಜಾರಾಗಿ ತೀಡಿ, ಪದರದ ಮೇಲೆ ಪದರ ಕೂರಿಸಿ, ಬಿಸಿನೀರು ತುಂಬಿ ಹದಗೊಳಿಸಬೇಕು. ಅಷ್ಟಕ್ಕೆ ಸಮಯವಿತ್ತು. ಅದಕ್ಕಿಂತ ಒಂದು ದಿನವೂ ಹೆಚ್ಚಿಗೆ ಇರಲಿಲ್ಲ.

"ಈ ಸಲ ಏನೂ ಇಡಬಾರದು," ಎಂದೆ.

"ಕಾಸು ಬೇಡ, ಆತು. ಬಂಗಾರ ಇಡುವಾ. ಒಂದು ಗುಂಜಿ ಸಾಕು, ನಾ ಹಾಕ್ತೆ. ಬಂಗಾರಕ್ಕೆ ಎಂತದೂ ಆಗೂದಿಲ್ಲ ಅಲ್ಲಾ?"

"ಈ ನೀರಲ್ಲಿ ಬಂಗಾರವೂ ಕರಗುತ್ತದೆ."

ಮೇಸ್ತ್ರಿ ನನ್ನನ್ನು ನೋಡಿ, ಕೆಮಿಸ್ಟ್ ಕಡೆ ತಿರುಗಿದರು. ಅವಳು ಹೌದೆಂದು ತಲೆಯಾಡಿಸಿದಳು.

"ಎಂತಾ ನೀರು ಮಾರಾಯ್ರೇ ಇದು! ಹಂಗಾರೆ ಕವಡೆ?"

"ಕವಡೆ ಅಂದ್ರೆ ಸುಣ್ಣ. ಮುಟ್ಟಿದ ಕೂಡ್ಲೇ ನೊರೆ ಬರ್ತದೆ," ಎಂದಳು ಅವಳು.

"ಏನೂ ಇಡದೆ ಮುಚ್ಚಿ ಮೇಸ್ತ್ರಿ. ಇದು ದೋಣಿ ಅಲ್ಲ. ಸಮುದ್ರಕ್ಕೆ ಹೋಗುವುದಿಲ್ಲ."

"ನೀರು ಒಳಗಿದ್ರೆ ಎಂತ, ಹೊರಗಿದ್ರೆ ಎಂತ ಸರಾ? ತಳ ತಳವೇ. ಖಾಲಿ ತಳ ನಾ ಮುಚ್ಚೂದಿಲ್ಲ. ಬೇರೆಯವ್ರ ಹತ್ರ ಮಾಡ್ಸಿ. ನಾಳೆ ಇದು ಒಡೆದ್ರೆ ನೀವು ರೆಸಿನ್ ಸರಿ ಇಲ್ಲ ಹೇಳಿ ಬರೀತ್ರಿ. ನಮ್ಮ ಬಂದರದಲ್ಲಿ ಎಂತ ಹೇಳ್ತ್ರು ಗೊತ್ತುಂಟಾ? ಇವ ಅಪ್ಪ ಇಟ್ಟದ್ದನ್ನ ಬಿಟ್ಟ, ಅದಕ್ಕೇ ಒಡೀತು ಹೇಳ್ತ್ರು. ಮತ್ತೆ ಯಾರು ನನ್ ಕೈಲಿ ದೋಣಿ ಕಟ್ಟಿಸ್ತ್ರು?"

ಹೊರಗಿನ ಪದರದಲ್ಲಿ, ದ್ರಾವಣ ಮುಟ್ಟದ ಜಾಗದಲ್ಲಿ ಇಡಿ ಎಂದೆ. ಅದಕ್ಕೂ ಒಪ್ಪಲಿಲ್ಲ. ನೀರಿನ ಪಕ್ಕ ಇಲ್ಲದಿದ್ದರೆ ಇಟ್ಟೂ ಇಡದ ಹಾಗೆ ಎಂದರು. ನಾನು ಸಿಟ್ಟಿನಿಂದ ಹೊರಗೆ ಬಂದೆ. ಬೇರೆ ಕಡೆಯಿಂದ ಕೆಲಸಗಾರರನ್ನು ಕರೆಸಿದರೆ ಬರುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಒಳಗಿನ ಪದರದಲ್ಲಿ ಹೊರಗಿನ ವಸ್ತು ಸೇರುವುದು, ಅದು ಏನೇ ಇರಲಿ, ನನ್ನ ಲೆಕ್ಕದಲ್ಲಿ ದೋಷವೇ. ಗೊತ್ತಿದ್ದೂ ದೋಷ ಇಡಿಸುವುದು ಹೇಗೆ?

ಹೊರಗಿನ ನಲ್ಲಿಯ ಹತ್ತಿರ, ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಕೆಲಸದವಳು ದ್ರಾವಣದ ಮಾದರಿ ತುಂಬುವ ಗಾಜಿನ ಬಾಟಲಿಗಳನ್ನು ತೊಳೆಯುತ್ತಿದ್ದಳು. ಕುಮಟಾ ಕಡೆಯ ಹಾಲಕ್ಕಿ ಒಕ್ಕಲ ಹೆಂಗಸು, ನನಗಿಂತ ಹಿರಿಯಳು. ಬೆಳಿಗ್ಗೆ ತರಕಾರಿ ಗದ್ದೆಗೆ ನೀರು ಬಿಟ್ಟು ಕೆಲಸಕ್ಕೆ ಬರುತ್ತಿದ್ದಳು. ಅವಳ ಕೊರಳ ತುಂಬ ಕರಿಮಣಿ ಸರಗಳು. ತಿರುಗುವ ಯಂತ್ರದ ಹತ್ತಿರ ಆಭರಣ ಕೂಡದು ಎಂದು ನಾನು ಗೋಡೆಗೆ ನೋಟಿಸು ಹಚ್ಚಿದ್ದೆ. "ಇದು ಆಭರಣ ಅಲ್ಲ ತಮಾ, ಮಣಿ," ಎಂದಿದ್ದಳು. ಕೊನೆಗೆ ಸರಗಳನ್ನು ಏಪ್ರನ್ನಿನ ಒಳಗೆ ಸೇರಿಸಿ ಕಟ್ಟಿಕೊಳ್ಳುವುದೆಂದು ರಾಜಿಯಾಗಿತ್ತು. ಆ ಶೆಡ್ಡಿನಲ್ಲಿ ನಾನು ಸೋತ ಮೊದಲ ವಾದ ಅದು.

ಹಿಂದೆಯೇ ಬಂದ ಮೇಸ್ತ್ರಿ ಕೇಳಿದರು: "ನಿಮ್ಮ ನೀರಿಗೆ ಕರಗದೇ ಇರೂದು ಪ್ರಪಂಚದಲ್ಲಿ ಎಂತಾದ್ರೂ ಉಂಟಾ?"

"ಗಾಜು," ಎಂದೆ. ಅಕ್ಕನ ಕೈಯಲ್ಲಿದ್ದ ಬಾಟಲಿ ತೋರಿಸಿದೆ.

"ಬಾಟ್ಲಿ ಚೂರು ಇಡೂದಾ ತಳಕ್ಕೆ? ಕೇಡು ಕರ್ದಂಗೇ ಆತು."

ಅಕ್ಕ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಮಣಿ ಗಾಜಿಂದೇ ಅಲ್ದಾ?" ಎಂದಳು.

ಮೇಸ್ತ್ರಿ ಅವಳ ಕೊರಳು ನೋಡಿದರು, ಆಮೇಲೆ ನನ್ನ ಮುಖ. "ಕರಿಮಣಿ ಆದ್ರೆ ಆತು. ಮುತ್ತೈದೆ ಕೊರಳಿನದ್ದು. ಅದಕ್ಕೆ ನಂದೇನೂ ತಕರಾರಿಲ್ಲ."

ನನ್ನ ತಕರಾರು ಇತ್ತು. ಎಲ್ಲ ಮಣಿಯೂ ಗಾಜಲ್ಲ, ಎಲ್ಲ ಗಾಜೂ ಒಂದಲ್ಲ. ಅಕ್ಕ ಸರದ ಕೊನೆಯ ಗಂಟು ಬಿಚ್ಚಿ ಎರಡು ಮಣಿ ಕೊಟ್ಟಳು. ಕೆಮಿಸ್ಟ್ ಒಂದನ್ನು ತೂಕ ಮಾಡಿ, ಬೀಕರಿನಲ್ಲಿ ನಮ್ಮದೇ ಬಿಸಿ ದ್ರಾವಣದಲ್ಲಿ ಹಾಕಿ, ಕ್ಲೋರಿನ್ ಬಿಟ್ಟು ಮರುದಿನದವರೆಗೆ ಇಟ್ಟಳು.

"ನನ್ ಮಣಿ ಬೇಯ್ಸ್ತಾ ಕೂತಿಯೇ ತಂಗಿ?" ಎಂದು ಅಕ್ಕ ಹಾದು ಹೋಗುವಾಗಲೆಲ್ಲ ಕೇಳುತ್ತಿದ್ದಳು. "ಬೆಂದರೆ ನಂಗೂ ಒಂದಗುಳು ಇಡು."

ಮರುದಿನ ತೂಗಿದಾಗ ತಕ್ಕಡಿಯ ಕೊನೆಯ ಅಂಕಿಯವರೆಗೂ ತೂಕ ಬದಲಾಗಿರಲಿಲ್ಲ. ಹೊಳಪೂ ಹೋಗಿರಲಿಲ್ಲ.

ನಾನು ಒಪ್ಪಿದೆ. ಆದರೆ ನನ್ನ ಷರತ್ತಿನ ಮೇಲೆ. ಮಣಿಯ ತೂತಿನಲ್ಲಿ ಗಾಳಿ ಉಳಿಯಬಾರದು. ಕೆಮಿಸ್ಟ್ ಸಿರಿಂಜಿನಿಂದ ತೂತಿಗೆ ರೆಸಿನ್ ತುಂಬಿದಳು. ಮಣಿಯ ಮೇಲೆ ಒಂದರ ಬದಲು ಎರಡು ತೆಳು ಪದರ ಬರಬೇಕು. ಮೇಸ್ತ್ರಿ ಇದಕ್ಕೆಲ್ಲ ಆತು ಆತು ಎನ್ನುತ್ತ, ಮಣಿ ಇಡುವ ಹೊತ್ತಿಗೆ ಚಪ್ಪಲಿ ಬಿಟ್ಟು, ಕೊಂಕಣಿಯಲ್ಲಿ ಏನೋ ಹೇಳಿಕೊಂಡು, ರೋಲರ್ ಹಿಡಿದರು. ಪದರ ಗಟ್ಟಿಯಾದ ಮೇಲೆ ತಟ್ಟಿ ನೋಡಿದೆವು. ಎಲ್ಲೂ ಪೊಳ್ಳಿಲ್ಲ.

ಆಮೇಲೆ ಟ್ಯಾಂಕಿನ ನಕ್ಷೆ ತೆಗೆದು, ತಳದ ನಡುವೆ ಒಂದು ಚುಕ್ಕೆ ಹಾಕಿ, ಬಿಡಿಭಾಗಗಳ ಸಾಲಿನಲ್ಲಿ ಬರೆದೆ: ಗಾಜಿನ ಮಣಿ, ಕಪ್ಪು, ಒಂದು. ಕಚೇರಿಯ ಅಧಿಕಾರಿ ಫೋನಿನಲ್ಲಿ, "ಅದೊಂದು ಸಾಲು ತೆಗೆದುಬಿಡಿ, ನೋಡಿದವರು ನಗುತ್ತಾರೆ," ಎಂದರು. ಟ್ಯಾಂಕಿನಲ್ಲಿ ಇದೆ, ಆದ್ದರಿಂದ ನಕ್ಷೆಯಲ್ಲೂ ಇರುತ್ತದೆ ಎಂದೆ. ಹಿಂದಿನ ಸಲ ಒಳಗೆ ಇದ್ದದ್ದು ಕಾಗದದಲ್ಲಿ ಇರಲಿಲ್ಲ ಎಂಬುದೇ ನಮ್ಮ ಗೋಳಾಗಿತ್ತು.

ಓಟ ಶುರುವಾಯಿತು. ಮೊದಲ ದಿನಗಳಲ್ಲಿ ನಾನು ಯಾವ ಮಾಪಕ ನೋಡುವುದಕ್ಕೂ ಮೊದಲು ಕೊಳವೆಯ ಬುಡಕ್ಕೆ ಕೈ ಹಚ್ಚಿ ನೋಡುತ್ತಿದ್ದೆ. ಒಣಗಿತ್ತು. ಬಿಸಿ ನಿಂತಿತು, ಕ್ಲೋರಿನ್ ಅಳತೆಯಂತೆ ಹೋಯಿತು, ಕೆಸರು ಸೋಸುವ ಬಟ್ಟೆ ಒಮ್ಮೆ ಹರಿದರೂ ಓಟ ನಿಲ್ಲಿಸದೆ ಬದಲಾಯಿಸಿದೆವು. ಗಣಿಯವರು ಬರುವ ಹಿಂದಿನ ದಿನ ಮಧ್ಯಾಹ್ನ ಕೆಮಿಸ್ಟ್ ಕೂಗಿದಳು.

"ಸರ್, ಬುಡದಲ್ಲಿ ಹನಿ ಇದ್ದು!"

ಹೋಗಿ ನೋಡಿದೆ. ಇತ್ತು. ಅದೇ ಜಾಗದಲ್ಲಿ, ಅದೇ ಹಾಗೆ ತೂಗುತ್ತಿತ್ತು. ಅವಳು ಲಿಟ್ಮಸ್ ಕಾಗದ ಹಚ್ಚಿದಳು. ಬಣ್ಣ ಬದಲಾಗಲಿಲ್ಲ. ಇನ್ನೊಂದು ಹನಿ ನನ್ನ ಕತ್ತಿನ ಮೇಲೆ ಬಿತ್ತು. ತಲೆ ಎತ್ತಿದರೆ ಹಂಚು ಸರಿದ ಜಾಗದಿಂದ ಆಕಾಶ ಕಾಣುತ್ತಿತ್ತು. ಹೊರಗೆ ಮೊದಲ ಮಳೆ ಬಿದ್ದಿತ್ತು, ಪಂಪಿನ ಸದ್ದಿನಲ್ಲಿ ನಮಗೆ ಕೇಳಿರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಹಂಚೇ ಸೋರಿತು ಎಂದು ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು.

ಗಣಿಯವರು ಬಂದರು, ನೋಡಿದರು. ಒಬ್ಬರು ಬಗ್ಗಿಯೂ ನೋಡಿದರು. ಕೆಂಪು ತಾಮ್ರದ ಪುಡಿಯನ್ನು ಬೆರಳಲ್ಲಿ ಉಜ್ಜಿ, ಶುದ್ಧತೆಯ ವರದಿ ಓದಿ, ಅದಿರಿನ ಬೆಳ್ಳಿ ಅದರಲ್ಲಿ ಎಷ್ಟು ಉಳಿದಿದೆ ಎಂದು ಕೇಳಿ ಹೋದರು. ಹತ್ತನೇ ದಿನ ಮುಗಿದಾಗ ನಾವು ಟ್ಯಾಂಕನ್ನು ನಾವಾಗಿಯೇ ನಿಲ್ಲಿಸಿದೆವು. ಅದೇ ಮೊದಲ ಸಲ.

ಮಳೆ ಜೋರು ಹಿಡಿದ ಮೇಲೆ ಉತ್ತರ ಬಂತು. ವಿಧಾನ ಒಪ್ಪಿಗೆಯಾಗಿದೆ. ಕಾರ್ಖಾನೆ ಗಣಿಯ ಪಕ್ಕದಲ್ಲೇ, ಘಟ್ಟದ ಮೇಲೆ ಆಗುತ್ತದೆ. ಶೆಡ್ಡನ್ನು ಖಾಲಿ ಮಾಡಬೇಕು. ಗೆದ್ದರೆ ಇಲ್ಲಿಯೇ ಮುಂದುವರಿಯುತ್ತೇವೆ ಎಂದು ಯಾರೂ ಮಾತು ಕೊಟ್ಟಿರಲಿಲ್ಲ. ಹಾಗೆಂದುಕೊಂಡವರು ನಾವು. ಕೆಮಿಸ್ಟ್‌ಗೆ ಗಣಿಯಲ್ಲಿ ಕೆಲಸ ಸಿಕ್ಕಿತು. ಮೇಸ್ತ್ರಿಗೆ ಮೂರು ದೊಡ್ಡ ಟ್ಯಾಂಕುಗಳ ಕೆಲಸ. ಅಕ್ಕನಿಗೆ ಏನೂ ಇಲ್ಲ. ಅದನ್ನು ನಾನೇ ಹೇಳಬೇಕಾಯಿತು. ಗದ್ದೆ ಇದೆಯಲ್ಲ ಎಂದಳು.

ಹೊಸ ಟ್ಯಾಂಕುಗಳ ನಕ್ಷೆ ನನ್ನ ಸಹಿಗೆ ಬಂತು. ಪಟ್ಟಣದಲ್ಲಿ ಕೂತು ನಕ್ಷೆ ಬರೆಯುವವರು ನನ್ನ ಹಾಳೆಯನ್ನು ಎದುರಿಗಿಟ್ಟು, ಎಲ್ಲ ಅಳತೆಗಳನ್ನೂ ದೊಡ್ಡದು ಮಾಡಿ, ಒಂದೂ ಬಿಡದೆ ನಕಲು ಮಾಡಿದ್ದರು. ಮೂರರಲ್ಲೂ ತಳದ ನಡುವೆ ಚುಕ್ಕೆ ಇತ್ತು. ಮೂರರಲ್ಲೂ ಕೊನೆಯ ಸಾಲು ಒಂದೇ: ಗಾಜಿನ ಮಣಿ, ಕಪ್ಪು, ಒಂದು. ಹೊಡೆದುಹಾಕಲು ಪೆನ್ನು ತೆಗೆದೆ. ಈ ಮೂರನ್ನೂ ಕಟ್ಟುವವರು ಯಾರೆಂದು ನೆನಪಾಯಿತು. ಸಹಿ ಮಾಡಿದೆ.

ಶೆಡ್ಡಿನ ಕೊನೆಯ ದಿನ ಅಕ್ಕ ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಇನ್ನೂ ಮೂರು ಮಣಿ ಬೇಕೆಂದೆ.

"ನನ್ ಕೊರಳು ಖಾಲಿ ಮಾಡುಕೇ ಬಂದಿದ್ದಾ ನೀನು?" ಎನ್ನುತ್ತ ಏಪ್ರನ್ನಿನ ಒಳಗಿಂದ ಸರ ಎಳೆದಳು. "ಟ್ಯಾಂಕು ಎಷ್ಟು ದೊಡ್ಡದು?"

"ಇದರ ನಾಲ್ಕರಷ್ಟು."

"ಹಂಗಾರೆ ಇದೇ ಮಣಿ ಸಾಕಾತ್ತದಾ?"

ಸಣ್ಣದರಲ್ಲಿ ನಡೆದದ್ದು ದೊಡ್ಡದರಲ್ಲೂ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ನನ್ನ ಉದ್ಯೋಗ. ಸಾಕು ಎಂದೆ.

ಅವಳು ಗಂಟು ಬಿಚ್ಚಿ ನನ್ನ ಅಂಗೈಯಲ್ಲಿ ನಾಲ್ಕು ಮಣಿ ಇಟ್ಟಳು. ಮೂರೇ ಬೇಕಾದದ್ದು ಎಂದೆ.

"ಗ್ಯಾಸ್ಕೆಟ್ ತರ್ಸುವಾಗ ಒಂದು ಹೆಚ್ಚಿಗೆ ತರ್ಸೂದಿಲ್ವಾ ನೀನು?" ಎಂದು ಪೆಟ್ಟಿಗೆಯ ಮುಚ್ಚಳ ಹಾಕಿದಳು.